ದಡಕ್ಕೆ ಬಂದ ಅಡುಗೆಯವನು

ಬೀದಿಯವರೆಲ್ಲ ಅವನನ್ನು ಕ್ಯಾಪ್ಟನ್ ಎಂದು ಕರೆಯುತ್ತಿದ್ದರು. ನಿಜ ಹೇಳಬೇಕೆಂದರೆ ಅವನು ಸರಕು ಹಡಗಿನಲ್ಲಿ ಅಡುಗೆಯವನಾಗಿದ್ದ. ಅರ್ಧ ಆಯುಸ್ಸು ನೀರಿನ ಮೇಲೆ ಕಳೆದರೂ ಅವನ ಕೈಗೆ ಸಿಕ್ಕ ಚುಕ್ಕಾಣಿಯೆಂದರೆ ಸೌಟು ಒಂದೇ. ಹೆಂಡತಿ ಈ ತಪ್ಪನ್ನು ತಿದ್ದಲು ಹೋಗಿರಲಿಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಅಕ್ಕಪಕ್ಕದವರ ಬಟ್ಟೆ ಹೊಲಿಯುತ್ತಿದ್ದ ಅವಳಿಗೆ, "ಕ್ಯಾಪ್ಟನ್ ಯಾವಾಗ ಬರ್ತಾರೆ?" ಎಂದು ಯಾರಾದರೂ ಕೇಳಿದರೆ ಒಳಗೊಳಗೇ ಹಿತವಾಗುತ್ತಿತ್ತು.

ಅವನು ಬರುತ್ತಿದ್ದುದು ವರ್ಷಕ್ಕೊಮ್ಮೆ, ನೆಂಟನ ಹಾಗೆ. ಪೆಟ್ಟಿಗೆ ತುಂಬ ಆಲಿವ್ ಎಣ್ಣೆ, ಎಳ್ಳಿನ ಪೇಸ್ಟಿನ ಡಬ್ಬಿ, ಸೋಪು. ಬಾಯಿ ತುಂಬ ಮಾತು. ಅವನಿದ್ದಷ್ಟು ದಿನ ಅವಳು ಯಂತ್ರಕ್ಕೆ ಹೊದಿಕೆ ಹೊದಿಸಿಬಿಡುತ್ತಿದ್ದಳು. ಅವನು ಹೊರಟ ಮೇಲೆ ಮತ್ತೆ ದಾರಿ ಕಾಯುವುದು ಶುರು.

ಈಗ ಮೊಣಕಾಲು ಕೈಕೊಟ್ಟು ಅವನು ಪೂರ್ತಿಯಾಗಿ ಮನೆ ಸೇರಿದ್ದ. ಬಂದವನೇ ಅಡುಗೆಮನೆ ವಹಿಸಿಕೊಂಡ. ಇಬ್ಬರಿಗಾಗುವಷ್ಟು ಬೇಯಿಸುವುದು ಅವನಿಗೆ ಗೊತ್ತೇ ಇರಲಿಲ್ಲ. ಬ್ರೆಡ್ಡಿನ ಹಿಟ್ಟು ನಾದಲು ಮನೆಯ ಪಾತ್ರೆಗಳು ಸಾಲದೆಂದು ಬಟ್ಟೆ ನೆನೆಸುವಂಥ ಹೊಸ ಟಬ್ಬೊಂದನ್ನು ತಂದ. ಮೆಡಿಟರೇನಿಯನ್ ಬಂದರುಗಳಲ್ಲಿ ಕಲಿತಿದ್ದನ್ನೆಲ್ಲ ಒಂದೊಂದಾಗಿ ಹೊರತೆಗೆದ: ಬೆಂದ ಕಾಬೂಲಿ ಕಡಲೆಗೆ ಎಳ್ಳಿನ ಪೇಸ್ಟು, ನಿಂಬೆರಸ, ಬೆಳ್ಳುಳ್ಳಿ ಸೇರಿಸಿ ಅರೆದ ಹಮ್ಮಸ್, ಬದನೆಕಾಯಿಯನ್ನು ಸಿಪ್ಪೆ ಕರಿಯಾಗುವಂತೆ ಉರಿಯ ಮೇಲೆ ಸುಟ್ಟು, ತಿರುಳು ಕಿವುಚಿ ಮಾಡಿದ ಬಾಬಾ ಗನೂಶ್. ಎಲ್ಲ ಕೈಯಿಂದಲೇ ಆಗಬೇಕು. ಮಿಕ್ಸಿಯ ಹೆಸರೆತ್ತಿದರೆ ಮುಖ ಗಂಟು ಹಾಕುತ್ತಿದ್ದ. ಬಟ್ಟಲುಗಳು ಮನೆಮನೆಗೂ ಹೋದವು.

"ನಿಮ್ಮ ಹತ್ರ ಹೊಲಿಸಿದ ಬಟ್ಟೆ ಹಾಕ್ಕೊಂಡ್ರೆ ಸಾಕು, ಅದರ ಘಮಕ್ಕೇ ಹಸಿವಾಗತ್ತೆ," ಎಂದು ಪಕ್ಕದ ಮನೆಯ ಟೀಚರಮ್ಮ ನಕ್ಕರು.

ಅವಳೂ ನಕ್ಕಳು. ಆದರೆ ಬ್ರೆಡ್ಡು ಒಲೆಗೆ ಹೋದ ಮೇಲೆ ಅವನು ಹಿತ್ತಲ ಬಾಗಿಲಲ್ಲಿ ನಿಂತುಬಿಡುತ್ತಿದ್ದ. ಕರೆದರೆ ಎರಡನೆಯ ಸಲಕ್ಕೆ ಓಗೊಡುತ್ತಿದ್ದ. ಪೆಟ್ಟಿಗೆ ಹಿಡಿದು ಬರುತ್ತಿದ್ದ ಆ ಮಾತುಗಾರ ಎಲ್ಲಿ ಹೋದ? ಗಂಡ ಕಣ್ಣೆದುರಿಗೇ ಇರುವಾಗ ಅವಳಿಗೆ ಗಂಡನ ನೆನಪಾಗುತ್ತಿತ್ತು. ಇದನ್ನು ಯಾರಿಗೆ ಹೇಳುವುದು?

ಹೀಗಿರುವಾಗ ಹಳೆಯ ಹಡಗಿನಿಂದ ಫೋನು ಬಂತು. ಈಗಿರುವ ಅಡುಗೆಯವನು ಕಾಯಿಲೆ ಬಿದ್ದಿದ್ದಾನೆ, ಒಂದು ಸುತ್ತು ಬಂದು ಹೋಗಲು ಆಗುತ್ತದೆಯೇ ಎಂದು. ಅವನು ಮದುಮಗನ ಹಾಗೆ ಓಡಾಡಿದ. ಕುಂಟುವುದನ್ನೂ ಮರೆತ. ಅವಳು ದಪ್ಪ ಬಟ್ಟೆಯ ಹೊಸ ಏಪ್ರನ್ ಒಂದನ್ನು ಹೊಲಿದುಕೊಟ್ಟಳು. ಆದರೆ ಕಂಪನಿಯ ಡಾಕ್ಟರು ಅವನ ಮೊಣಕಾಲು ಮಡಿಸಿ, ಬಿಡಿಸಿ, ತಲೆಯಾಡಿಸಿಬಿಟ್ಟರು. ಸಂಜೆಯ ಬಸ್ಸಿಗೇ ವಾಪಸು ಬಂದವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಊಟಕ್ಕೆ ಏಳುತ್ತಿದ್ದ, ಮತ್ತೆ ಮಲಗುತ್ತಿದ್ದ. ಅವನು ಹೋಗದೆ ಉಳಿದದ್ದಕ್ಕೆ ಒಂದು ಗಳಿಗೆ ನಿರಾಳವಾಗಿ, ಮರುಗಳಿಗೆಯೇ ಅವಳಿಗೆ ನಾಚಿಕೆಯಾಯಿತು.

ಕೆಲವು ದಿನ ನೋಡಿದಳು. ಒಂದು ಬೆಳಿಗ್ಗೆ ಯಂತ್ರ ಮುಚ್ಚಿಟ್ಟು ತಾನೇ ಬ್ರೆಡ್ಡಿನ ಹಿಟ್ಟು ಕಲಸಿದಳು. ಅದು ಮೊಣಕೈವರೆಗೂ ಮೆತ್ತಿಕೊಂಡಿತು. ಹೇಗೋ ಒಂದು ಉಂಡೆ ಮಾಡಿ ಒದ್ದೆ ಬಟ್ಟೆ ಮುಚ್ಚಿ, ಬೆಂದ ಕಡಲೆಯನ್ನು ಕಲ್ಲಿನ ಒರಳಿಗೆ ಸುರಿದು ಕುಟ್ಟತೊಡಗಿದಳು.

ಅವನು ಬಾಗಿಲಿಗೆ ಬಂದು ನಿಂತ. "ಏನದು? ಗೋಡೆಗೆ ಮೊಳೆ ಹೊಡೀತಿದ್ದೀಯಾ?"

"ಹಮ್ಮಸ್ ಮಾಡ್ತಿದ್ದೀನಿ."

"ಕುಟ್ಟಬಾರದು, ಒತ್ತಿ ತಿರುಗಿಸ್ಬೇಕು. ಸಿಪ್ಪೆ ತೆಗೆದಿಲ್ವಾ? ನೀನು ಹಡಗಲ್ಲಿದ್ದಿದ್ರೆ ಹುಡುಗರು ನಿನ್ನ ಸಮುದ್ರಕ್ಕೆ ಎಸೀತಿದ್ರು."

ಹಾಗೆಂದವನು ಕಾಲು ಚಾಚಿ ಪಕ್ಕದಲ್ಲೇ ಕುಳಿತ. ತಟ್ಟೆಗೆ ಕಡಲೆ ಹಾಕಿಕೊಂಡು ಇಬ್ಬರೂ ಸಿಪ್ಪೆ ಬಿಡಿಸತೊಡಗಿದರು. ಒಂದು ಹಿಡಿ ಸಿಪ್ಪೆಯನ್ನು ಬದಿಗೆ ತಳ್ಳುತ್ತ ಅವನು ಹೇಳಿದ.

"ಅಲ್ಲಿ ಬೆಳಗಿನ ಜಾವ ನಾದೋವಾಗ ಹಡಗು ವಾಲತ್ತೆ. ಹಿಟ್ಟೂ ವಾಲತ್ತೆ, ನಾನೂ ವಾಲ್ತೀನಿ. ಇಲ್ಲಿ ಮೇಜು ಅಲ್ಲಾಡೋದೇ ಇಲ್ಲ. ಹಿಟ್ಟಿಗೆ ಕೈ ಹಾಕಿದ ಕೂಡ್ಲೇ ಏನೋ ತಪ್ಪಾಗಿದೆ ಅನ್ಸತ್ತೆ. ಇದು ಯಾವಾಗ ಹೋಗತ್ತೋ."

"ಹೋಗಲ್ಲ," ಎಂದಳು ಅವಳು.

"ನಿನಗೆ ಹೇಗೆ ಗೊತ್ತು?"

"ಕಾಯೋದು ನನಗೆ ಹಳೇ ಕೆಲಸ ಕಣ್ರೀ. ನೀವು ಇದಕ್ಕೆ ಹೊಸಬರು."

ಅವನು ತಲೆಯೆತ್ತಿ ನೋಡಿದ. ಅವಳ ಮುಖದಲ್ಲಿ ಕೋಪವಿರಲಿಲ್ಲ.

"ನಾನಿಲ್ಲದಾಗ ಏನು ಮಾಡ್ತಿದ್ದೆ?" ಎಂದು ಕೇಳಿದ. ಇಷ್ಟು ವರ್ಷದಲ್ಲಿ ಅವನು ಹಾಗೆ ಕೇಳಿದ್ದು ಅದೇ ಮೊದಲು.

"ನಿಮ್ಮ ಅಂಗಿಗಳ ಹೊಲಿಗೆ ಬಿಚ್ಚಿ ಮತ್ತೆ ಹೊಲೀತಿದ್ದೆ."

"ಹರಿದಿತ್ತಾ?"

"ಇಲ್ಲ. ಸುಮ್ನೆ."

ಕಡಲೆಯಲ್ಲಾಡುತ್ತಿದ್ದ ಅವನ ಬೆರಳು ನಿಂತಿತು. "ಹಾಕ್ಕೊಂಡಾಗ ನನಗೆ ಗೊತ್ತಾಗ್ಲೇ ಇಲ್ಲ."

"ಹೊಲಿಗೆ ಚೆನ್ನಾಗಿತ್ತಲ್ಲ, ಅದಕ್ಕೆ."

ಅವನು ನಗಲು ಹೋದ, ಆಗಲಿಲ್ಲ. ಒರಳನ್ನು ತನ್ನ ಕಡೆ ಎಳೆದುಕೊಂಡು, ಅವಳ ಕೈಯನ್ನು ಗುಂಡುಕಲ್ಲಿನ ಮೇಲಿಟ್ಟು, ಅದರ ಮೇಲೆ ತನ್ನ ಕೈಯಿಟ್ಟು ತಿರುಗಿಸಿದ. ಕಡಲೆ ಮೆಲ್ಲಗೆ ಬೆಣ್ಣೆಯಂತಾಯಿತು. ನಿಂಬೆ ಹಿಂಡಿದರು, ಎಣ್ಣೆ ಸುರಿದರು.

ಬ್ರೆಡ್ಡು ಒಂದು ಮಗ್ಗುಲು ಉಬ್ಬಿ, ಇನ್ನೊಂದು ಮಗ್ಗುಲು ಕುಳಿಬಿದ್ದು ಒಲೆಯಿಂದ ಹೊರಬಂತು. ಆರುವ ತನಕ ಕಾಯದೆ ಇಬ್ಬರೂ ಹಬೆಯಾಡುತ್ತಿದ್ದ ಚೂರುಗಳನ್ನು ಮುರಿದು ಹಮ್ಮಸ್ಸಿಗೆ ಅದ್ದಿಕೊಂಡರು. ನಡುವೆ ಕೊಂಚ ಹಸಿಯಿತ್ತು. ಇಬ್ಬರಿಗೂ ತಿಳಿಯಿತು, ಇಬ್ಬರೂ ಇನ್ನೊಂದು ಚೂರು ಮುರಿದುಕೊಂಡರು.

ತಿನ್ನುತ್ತಲೇ ಅವನು ಒಂದು ಬಂದರಿನ ಕಥೆ ತೆಗೆದ. ನಿಂಬೆಹಣ್ಣನ್ನು ಎಲೆ ಸಮೇತ ಮಾರುವ ಒಂದು ಮೆಟ್ಟಿಲ ಬೀದಿ. ಮೇಲಿನ ಮೆಟ್ಟಿಲಲ್ಲಿ ನಿಂತರೆ ಕೆಳಗೆ ಅವನ ಹಡಗು ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತಂತೆ. ಹೇಳುತ್ತ ಅವನು ಎರಡು ಬೆರಳುಗಳ ನಡುವೆ ಆ ಅಳತೆ ಹಿಡಿದು ತೋರಿಸಿದ. ತಾನೆಂದೂ ಹತ್ತದ ಆ ಮೆಟ್ಟಿಲುಗಳ ಮೇಲೆ ಅವಳಿಗೂ ಯಾಕೋ ಆಸೆ ಹುಟ್ಟಿತು.

ಬಟ್ಟಲನ್ನು ಅವನ ಹತ್ತಿರಕ್ಕೆ ಸರಿಸಿ, "ಮುಂದೆ?" ಎಂದಳು.