ಬೀಳಲೆಂದೇ ಬರೆದ ಟೆಸ್ಟು

ಪೆನ್ಸಿಲ್ ಕೆತ್ತಿದ ವಾಸನೆ, ಎಲ್ಲಿಂದ ಬಂತು ಇದು, ಈ ಆಫೀಸಿನಲ್ಲಿ ಪೆನ್ಸಿಲ್ ಮುಟ್ಟುವವರು ಯಾರಿದ್ದಾರೆ, ಓ, ಆಚೆ ಸಾಲಿನ ಚಿತ್ರ ಬಿಡಿಸುವವಳು, ಕಸದ ಬುಟ್ಟಿಯ ಮೇಲೆ ಬಗ್ಗಿ ಕೆತ್ತುತ್ತಿದ್ದಾಳೆ, ಸಿಪ್ಪೆ ಸುರುಳಿ ಸುರುಳಿಯಾಗಿ ಬೀಳುತ್ತಿದೆ, ಅಷ್ಟಕ್ಕೇ ಅಕ್ಕನ ತುರುಬು ಕಣ್ಣಮುಂದೆ ಬಂದು ನಿಂತಿತು, ತುರುಬಿಗೆ ಅಡ್ಡಲಾಗಿ ಸಿಕ್ಕಿಸಿದ ಪೆನ್ಸಿಲ್, ಒಂದು ತುದಿ ನೀಲಿ, ಒಂದು ತುದಿ ಕೆಂಪು — ಬೇಡ, ಈಗ ಬೇಡ, ನಾಲ್ಕು ಗಂಟೆಗೆ ಲೈಬ್ರರಿ ಬಿಡುಗಡೆಯಾಗಬೇಕು, ಆಗಲೇ ಎರಡೂವರೆ. ಲೈಬ್ರರಿ ಅಂದರೆ ಪುಸ್ತಕದ್ದು ಅಂತಲೇ ಅಮ್ಮ ಇವತ್ತಿಗೂ ತಿಳಿದಿದ್ದಾಳೆ, ನನ್ನ ಮಗಳು ಲೈಬ್ರರಿ ನೋಡ್ಕೋತಾಳೆ ಅಂತ ಪಕ್ಕದ ಮನೆಯವರಿಗೆಲ್ಲ ಹೇಳಿ, ಅವರು ಹೊಸ ಕಾದಂಬರಿ ಏನು ಬಂದಿದೆ ಅಂತ ಇವಳನ್ನೇ ಕೇಳಿ, ಅಯ್ಯೋ ಅಮ್ಮಾ, ತಾರೀಖಿನ ಲೆಕ್ಕ ಹಾಕೋ ಕೋಡು ಅದು, ಬೇರೆಯವರ ಪ್ರೋಗ್ರಾಮುಗಳೆಲ್ಲ ನಮ್ಮ ಹತ್ತಿರ ಎರವಲು ತಗೊಳ್ತವೆ ಅಂದರೆ, ಹಾಗಿದ್ರೆ ವಾಪಸ್ ಕೊಡ್ತಾರೇನೇ ಅನ್ನುತ್ತಾಳೆ.

ಬೆಳಿಗ್ಗೆ ಪ್ರೋಗ್ರಾಮಿಂಗ್ ಭಾಷೆಯ ಹೊಸ ಆವೃತ್ತಿ ಹಾಕಿ ಲೆಕ್ಕ ಸರಿ ಬರುತ್ತದೋ ಎಂದು ನೋಡುವ ಟೆಸ್ಟುಗಳನ್ನು ಓಡಿಸಿದಾಗ ನಲವತ್ತೊಂದು ಬಿದ್ದವು, ಫೇಲು, ಪರದೆ ತುಂಬ ಕೆಂಪು, ನಿನ್ನೆಯವರೆಗೆ ಹಸಿರು ಹಸಿರಾಗಿದ್ದ ಲೈಬ್ರರಿ, ಇವಳು ಒಂದಕ್ಷರ ಮುಟ್ಟಿಲ್ಲ, ನಿಂತ ನೆಲವೇ ಜರುಗಿದರೆ ಯಾರೇನು ಮಾಡುವುದು, ಹಲ್ಲು ಕಚ್ಚಿ ಒಂದೊಂದನ್ನೇ ಹಿಡಿದು ಊಟದ ಹೊತ್ತಿಗೆ ನಲವತ್ತನ್ನು ದಾರಿಗೆ ತಂದಳು, ಉಳಿದದ್ದು ಒಂದು. ಆಯ್ತಾ ಎನ್ನುತ್ತಾ ಟೀಮ್ ಲೀಡ್ ಬಂದ — ದಿನಕ್ಕೆ ಹತ್ತು ಸಲ ಆಯ್ತಾ ಕೇಳಿ ಕೇಳಿ ಬೆನ್ನ ಹಿಂದೆ ಆಯ್ತಾ ಸಾಹೇಬನೇ ಆಗಿಹೋಗಿದ್ದಾನೆ — ಹೆಗಲ ಮೇಲಿಂದ ಇಣುಕಿ, ಒಂದೇ ತಾನೇ, ಕಿತ್ತುಹಾಕಿ ಮೇಡಂ, ಓಬೀರಾಯನ ಕಾಲದ ಟೆಸ್ಟು, ಯಾರು ಕೇಳ್ತಾರೆ. ನಿಜ, ಯಾರೂ ಕೇಳುವುದಿಲ್ಲ. ಫೆಬ್ರವರಿ ಇಪ್ಪತ್ತೊಂಬತ್ತಕ್ಕೆ ಒಂದು ವರ್ಷ ಕೂಡಿಸಿದರೆ ಮಾರ್ಚ್ ಒಂದು ಬರಬೇಕು ಅನ್ನುತ್ತದೆ ಈ ಟೆಸ್ಟು, ಹೊಸ ಭಾಷೆ ಫೆಬ್ರವರಿ ಇಪ್ಪತ್ತೆಂಟು ಕೊಡುತ್ತಿದೆ, ಒಂದು ಸಾಲು ತಿದ್ದಿದರೆ ಮುಗಿಯಿತು, ಬೆರಳು ಕೀಲಿಮಣೆಯ ಮೇಲೇ ಇದೆ. ಆದರೆ ಇಪ್ಪತ್ತೊಂಬತ್ತು ಅಕ್ಕ ಹುಟ್ಟಿದ ದಿನ.

ಒಡಹುಟ್ಟಿದವಳಲ್ಲ, ಆಫೀಸಿಗೆಲ್ಲ ಅಕ್ಕ. ಆಗ ಆಫೀಸೆಂದರೆ ಟೈರಿನ ಅಂಗಡಿಯ ಮೇಲಿನ ಎರಡು ಕೋಣೆ, ಮಧ್ಯಾಹ್ನವಾದರೆ ರಬ್ಬರಿನ ವಾಸನೆ, ಅಲುಗಾಡುವ ಮೇಜಿನ ಕಾಲಿಗೆ ಮಡಿಸಿಟ್ಟ ರಟ್ಟು, ಎಷ್ಟು ಸುಖವಾಗಿದ್ದೆವು ಅಲ್ಲಿ, ಅಕ್ಕ ಯಾವ ಟೆಸ್ಟನ್ನೂ ಕಾಗದದ ಮೇಲೆ ಲೆಕ್ಕ ಹಾಕದೆ ಬರೆದವಳಲ್ಲ, ಮೊದಲು ನಿನ್ನ ಕೈಗೆ ಉತ್ತರ ಗೊತ್ತಿರಬೇಕು ಮರಿ, ಆಮೇಲೆ ಯಂತ್ರವನ್ನ ಕೇಳು, ಇಲ್ಲದಿದ್ರೆ ಅದು ಹೇಳಿದ್ದಕ್ಕೆಲ್ಲ ಕೋಲೆಬಸವನ ಹಾಗೆ ತಲೆ ಆಡಿಸ್ತೀಯ. ತಪ್ಪಿಗೆ ಕೂಡ ನೀಲಿಯಲ್ಲೇ ಸುತ್ತು ಹಾಕುತ್ತಿದ್ದಳು, ಕೆಂಪು ತುದಿಯನ್ನು ಕೆತ್ತಿದ್ದೇ ಇಲ್ಲ, ಅಂಗಡಿಯಿಂದ ತಂದ ಹಾಗೇ ಮೊಂಡಾಗಿತ್ತು, ಯಾಕಕ್ಕಾ ಅಂದರೆ, ಬೇಕಾದ ದಿನ ಕೆತ್ತಿಕೊಂಡರಾಯ್ತು, ಅವಸರ ಏನು. ಆ ಮಾರ್ಚ್ ಒಂದು ನಮ್ಮ ತಪ್ಪಲ್ಲ, ಆಗಿನ ಭಾಷೆಯ ಕೊಡುಗೆ, ಹುಟ್ಟುಹಬ್ಬದ ಪಟ್ಟಿ ತಯಾರಾಗುತ್ತಿದ್ದುದೂ ಅದರಲ್ಲೇ, ಅಕ್ಕನ ಕೇಕು ನಾಲ್ಕರಲ್ಲಿ ಮೂರು ವರ್ಷ ಮಾರ್ಚಿನಲ್ಲಿ, ಅಕ್ಕ ಸೊಂಟಕ್ಕೆ ಕೈಯಿಟ್ಟು, ನಾನು ಫೆಬ್ರವರಿಯವಳು ಕಣ್ರೋ, ನನ್ನನ್ನ ಮಾರ್ಚಿಗೆ ತಳ್ಳೋಕೆ ಇದ್ಯಾರು ಅಂತ ಬೈಯುತ್ತಲೇ ದೊಡ್ಡ ತುಂಡು ತೆಗೆದುಕೊಳ್ಳುತ್ತಿದ್ದಳು, ತುರುಬಿನಲ್ಲಿ ಪೆನ್ಸಿಲ್, ಕೆಂಪು ತುದಿ ಮೇಲೆ.

ಆಮೇಲೆ ಗಾಜಿನ ಬಾಗಿಲಿನ ಈ ಆಫೀಸು, ಇವಳಿಗೆ ಬಡ್ತಿ, ಮೊದಲ ದೊಡ್ಡ ಮೀಟಿಂಗು, ಮೇಲಿನವರು ತಡ ಯಾಕೆ ಅಂತ ಕೇಳಿದಾಗ ಬಾಯಿಂದ ಅದೇನು ಉದುರಿತು — ಏನು ಮಾಡೋದು ಸರ್, ಅಕ್ಕನ ಪೆನ್ಸಿಲ್ ಸವೆಯೋತನಕ ನಾವೆಲ್ಲ ಕಾಯಬೇಕು — ಎಲ್ಲರೂ ಗೊಳ್ಳೆಂದು ನಕ್ಕರು, ಬಾಗಿಲಲ್ಲಿ ಅಕ್ಕ, ಕೈಯಲ್ಲಿ ಲೆಕ್ಕದ ಕಾಗದಗಳು, ಅವಳೂ ನಕ್ಕಳು, ಆ ನಗು ಒಂದು ಮರೆತುಹೋಗಬಾರದೇ. ಮರುದಿನ ರಾಜೀನಾಮೆ, ತಿಂಗಳ ಗಡುವು, ಆ ತಿಂಗಳಿಡೀ ಕೆಲಸದ ಮಾತು ಬಿಟ್ಟರೆ ಮಾತಿಲ್ಲ, ಕೊನೆಯ ಸಂಜೆ ಅಕ್ಕ ಹೊರಡುವ ಹೊತ್ತಿಗೆ ಮುಂಚೆಯೇ ಇವಳು ಮೆಟ್ಟಿಲ ಬಳಿ ಯಾರೊಂದಿಗೋ ಫೋನಿನಲ್ಲಿದ್ದ ಹಾಗೆ ನಾಟಕವಾಡಿದಳು, ಆ ತುದಿಯಲ್ಲಿ ಯಾರೂ ಇರಲಿಲ್ಲ, ಹೂಂ ಹೂಂ ಎನ್ನುತ್ತಾ ಗೋಡೆ ನೋಡಿದಳು, ಪಕ್ಕದಲ್ಲೇ ತುರುಬು ಇಳಿದುಹೋಯಿತು. ಹನ್ನೊಂದು ವರ್ಷ. ನಿನ್ನ ಆಫೀಸಿನ ಅಕ್ಕ ಹೇಗಿದ್ದಾಳೆ ಅಂತ ಅಮ್ಮ ಕೇಳಿದಾಗಲೆಲ್ಲ ಚೆನ್ನಾಗಿದ್ದಾಳೆ ಅನ್ನುವುದು, ಬದುಕಿದ್ದಾಳೋ ಇಲ್ಲವೋ ಅದೂ ಗೊತ್ತಿಲ್ಲದೆ, ಯಾವ ಮುಖ ಹೊತ್ತು ಕೇಳುವುದು, ಅವಳಿಗೆ ನನ್ನ ಮೇಲೆ ಸಿಟ್ಟಿದೆ, ಇರಲೇಬೇಕು.

ಸರಿ, ತಿದ್ದುವ ಮೊದಲು ಒಮ್ಮೆ ನೋಡೋಣ ಎಂದು ಟೆಸ್ಟಿನ ಕಡತ ತೆರೆದಳು, ಇಷ್ಟು ವರ್ಷದಲ್ಲಿ ಇದೇ ಮೊದಲು, ಹಸಿರಾಗಿರುವ ಟೆಸ್ಟನ್ನು ತೆರೆದು ನೋಡುವವರುಂಟೆ, ಮೇಲೊಂದು ಟಿಪ್ಪಣಿ, ಯಂತ್ರಕ್ಕಲ್ಲ, ಓದುವವರಿಗೆ. ಈ ಉತ್ತರ ತಪ್ಪು ಅಂತ ಗೊತ್ತಿದ್ದೇ ಬರೆದಿದ್ದೇನೆ. ಭಾಷೆಯನ್ನು ಸರಿಮಾಡಿದ ದಿನ ಈ ಟೆಸ್ಟು ಬೀಳುತ್ತದೆ, ಬೀಳಲೆಂದೇ ಇಟ್ಟಿದ್ದೇನೆ. ಬಿದ್ದ ದಿನ ನನಗೊಂದು ಫೋನ್ ಮಾಡು ಮರಿ. ಓದಿದಳು, ಮತ್ತೆ ಓದಿದಳು, ಮರಿ ಅಂದರೆ ನಾನೇ, ಬೇರೆ ಯಾರನ್ನೂ ಅಕ್ಕ ಹಾಗೆ ಕರೆದವಳಲ್ಲ, ಆದರೆ ಇದು ಯಾವಾಗಿನದು, ಟೈರಂಗಡಿಯ ಕಾಲದ್ದಿರಬೇಕು, ನಾವು ಚೆನ್ನಾಗಿದ್ದಾಗಿನದು, ಯಾವ ಸಾಲು ಯಾರು ಯಾವಾಗ ಬರೆದರು ಎಂಬ ಕಡತದ ಇತಿಹಾಸ ತೆಗೆದು ನೋಡಿದರೆ ಅಕ್ಕನ ಕೊನೆಯ ದಿನ, ಸಂಜೆ ಐದೂ ನಲವತ್ತು, ಮೀಟಿಂಗಾಗಿ ತಿಂಗಳ ಮೇಲೆ, ಚೀಲ ಹಿಡಿದು ಏಳುವ ಮುಂಚೆ, ಇವಳು ಮೆಟ್ಟಿಲಲ್ಲಿ ಗೋಡೆಗೆ ಹೂಂ ಹೂಂ ಅನ್ನುತ್ತಿದ್ದಾಗ ಅಕ್ಕ ಒಳಗೆ ಕೂತು ಇದನ್ನು ಬರೆಯುತ್ತಿದ್ದಳು. ಆಯ್ತಾ ಮೇಡಂ, ಮೂರೂವರೆ. ಇಲ್ಲ, ಒಂದು ಫೋನಿದೆ. ಈಗಲೇನಾ? ಈಗಲೇ. ಎದ್ದಳು, ಅದೇ ಮೆಟ್ಟಿಲು, ಅದೇ ಗೋಡೆ, ಅಳಿಸದೆ ಇಟ್ಟುಕೊಂಡಿದ್ದ ನಂಬರು, ಬದಲಾಗಿರುತ್ತದೆ, ಎತ್ತುವುದಿಲ್ಲ, ಎತ್ತಿದರೆ ಮೊದಲು ಕ್ಷಮಿಸು ಅನ್ನಬೇಕೋ ಹೇಗಿದ್ದೀಯಾ ಅನ್ನಬೇಕೋ, ಗಂಟೆ ಹೋಗುತ್ತಿದೆ, ಮೂರು, ನಾಲ್ಕು, ಈ ಸಲ ಆ ತುದಿಯಲ್ಲಿ ಯಾರೋ ಇದ್ದಾರೆ, ಉಸಿರು ಕೇಳಿಸುತ್ತಿದೆ, ಹಲೋ ಇಲ್ಲ, ಯಾರು ಅಂತಿಲ್ಲ, ಬಿತ್ತೇನೇ ಮರಿ ಅದು — ಹೂಂ ಅಕ್ಕಾ, ಬಿತ್ತು ಅಂದಳು, ಕೆಂಪು ತುದಿ, ನನ್ನ ತಪ್ಪಿಗೂ ಕೆತ್ತದೆ ಬಿಟ್ಟ ಆ ಕೆಂಪು ತುದಿ