ಊರೆಲ್ಲ ಹಂಚಿಹೋದ ಸೈಕಲ್ಲು

ತೀರಾ ಹಿಂದಿನ ಮಾತೇನೂ ಅಲ್ಲ, ಏಳು ಕಡಲಾಚೆಯ ಸಂಗತಿಯೂ ಅಲ್ಲ. ಲಾಂಚು ಹತ್ತಿ ಕೂತರೆ ಒಂದು ಕೋಳಿನಿದ್ದೆ ಮುಗಿಯುವಷ್ಟರಲ್ಲಿ ಸಿಗುವ ಒಂದು ದ್ವೀಪ. ಆ ದ್ವೀಪದಲ್ಲಿ ಅರವತ್ತು ಹಳದಿ ಕುದುರೆಗಳಿದ್ದವು. ಅವಕ್ಕೆ ಹುಲ್ಲು ಬೇಡ, ನೀರು ಬೇಡ, ಲಾಯವಿಲ್ಲ, ಒಡೆಯನೂ ಇಲ್ಲ. ಬೇಕಾದವರು ಬೇಕಾದಲ್ಲಿ ಏರಬಹುದು, ಸಾಕಾದಲ್ಲಿ ಇಳಿದು ಗೋಡೆಗೆ ಒರಗಿಸಿ ತಮ್ಮ ಪಾಡಿಗೆ ಹೋಗಬಹುದು. ಒಂದೇ ಕುದುರೆಗೆ ಒಗ್ಗಿಹೋಗಿ ದಿನಾ ಅದನ್ನೇ ಹುಡುಕಿ ಏರುವವರೂ ಇದ್ದರು. ಬೀಗ ಹಾಕುವವರಿಲ್ಲ, ಕದಿಯುವವರೂ ಇಲ್ಲ. ಕದ್ದು ಒಯ್ಯುವುದಾದರೂ ಎಲ್ಲಿಗೆ, ಸುತ್ತಲೂ ನೀರು! ಆ ಕುದುರೆಗಳಿಗೆ ಕಾಯಿಲೆಯಾದರೆ ನೋಡಿಕೊಳ್ಳಲು ಒಬ್ಬಳೇ ಒಬ್ಬಳು ವೈದ್ಯೆ. ಕಥೆ ಅವಳದು.

ಊರವರ ಬಾಯಲ್ಲಿ ಅವಳು ನಟ್ಟಕ್ಕ. ಅವಳು ನಡೆದರೆ ಜೇಬಿನಲ್ಲಿ ನಟ್ಟು ಬೋಲ್ಟುಗಳು ಗಲಗಲ ಎನ್ನುತ್ತಿದ್ದವು. ಉಪ್ಪಿನ ಹಳೇ ಗೋದಾಮೇ ಅವಳ ಶೆಡ್ಡು. ತಗಡಿನ ಮಾಡು, ಗ್ರೀಸಿನ ವಾಸನೆ, ಸೂರಿನಿಂದ ತೂಗುವ ಟಯರುಗಳು. ಗೋಡೆಯ ಮೊಳೆಯಲ್ಲಿ ಒಂದು ಭಾರೀ ಸೊಂಟದ ಬೆಲ್ಟು. ಅದು ಸೈಕಲ್ ಸಂಘದ ಅಧ್ಯಕ್ಷರದು. ಸೈಕಲ್ ತುಳಿದು ಹದಿನಾಲ್ಕು ಕಿಲೋ ತೂಕ ಇಳಿಸಿದ ಮೇಲೆ ಅದನ್ನು ಅವರೇ ತಂದು ನೇತುಹಾಕಿದ್ದರು. ಹೊಸಬರು ಯಾರು ಬಂದರೂ, "ನೋಡಿ, ನಾನು ಇದರೊಳಗೆ ಇದ್ದೆ" ಎಂದು ತೋರಿಸುವುದು ಅವರ ಪರಿಪಾಠ. ಸುಳ್ಳೇನಲ್ಲ. ದ್ವೀಪದ ಡಾಕ್ಟರು ಚೀಟಿಯಲ್ಲಿ ಮಾತ್ರೆಯ ಕೆಳಗೆ 'ಬೆಳಿಗ್ಗೆ ಅರ್ಧ ಗಂಟೆ ಸೈಕಲ್' ಎಂದು ಬರೆಯುತ್ತಿದ್ದರು. ಹೊಗೆ ಕಾರುತ್ತಿದ್ದ ಮೂರು ವ್ಯಾನುಗಳು ಲಾಂಚು ಹತ್ತಿ ವಾಪಸು ಹೋಗಿದ್ದವು. ಮಂಡಿ ನೋವು ಅನ್ನುತ್ತಿದ್ದ ಮುದುಕಿಯರು ಗುಡ್ಡ ಹತ್ತಿ ಬಂದು, ಮಂಡಿ ಬಿಟ್ಟು ಸೊಸೆಯರ ಮೇಲೆ ದೂರು ಹೇಳುತ್ತಿದ್ದರು.

ಆದರೆ ಕಡಲಗಾಳಿಗೆ ಕಬ್ಬಿಣವೆಂದರೆ ತೀರದ ಹಸಿವು. ಇವತ್ತು ಹೊಳೆಯುವ ಬ್ರೇಕ್ ವೈರು ತಿಂಗಳೊಪ್ಪತ್ತಿಗೆ ಕಂದು ನೂಲಾಗುತ್ತದೆ. ಅದಕ್ಕೇ ದ್ವೀಪದಲ್ಲಿ ಒಂದು ಕಟ್ಟುಪಾಡು: ಸೈಕಲ್ಲಿನಲ್ಲಿ ಏನಾದರೂ ಕೆಟ್ಟದ್ದು ಕಂಡರೆ ಹ್ಯಾಂಡಲ್ಲಿಗೆ ಒಂದು ಕೆಂಪು ಬಟ್ಟೆ ಕಟ್ಟಬೇಕು. ಕೆಂಪು ಬಟ್ಟೆ ಕಂಡ ಸೈಕಲ್ಲನ್ನು ಎಂಥ ಅವಸರದವರೂ ಮುಟ್ಟುವುದಿಲ್ಲ. ಅದನ್ನು ಬಿಚ್ಚುವ ಕೈ ನಟ್ಟಕ್ಕನದು ಮಾತ್ರ.

ಆಚೆ ದಡದಿಂದ ದೊಡ್ಡ ಮನುಷ್ಯರು ಸೈಕಲ್ ನೋಡಲು ಬರುವ ದಿನ ಹ್ಯಾಂಡಲ್ಲುಗಳಲ್ಲಿ ಹನ್ನೊಂದು ಕೆಂಪು ಬಟ್ಟೆಗಳಿದ್ದವು.

"ಇದೇನಮ್ಮಾ, ಮದುವೆ ಮನೆಗೆ ಬಂದವರಿಗೆ ಮೊದಲು ಗಾಯ ತೋರಿಸಿದ ಹಾಗೆ?" ಅಂದರು ಅಧ್ಯಕ್ಷರು. "ಒಂದು ಹೊತ್ತಿನ ಮಟ್ಟಿಗೆ ತೆಗೆದುಬಿಡು. ಅವರು ಲಾಂಚು ಹತ್ತಿದ ತಕ್ಷಣ ಮತ್ತೆ ಕಟ್ಟಿದರಾಯ್ತು."

ಗಂಟು ಬಿಚ್ಚುತ್ತ ಕೂರಲು ಹೊತ್ತಿರಲಿಲ್ಲ. ನಟ್ಟಕ್ಕ ಬ್ಲೇಡಿನಿಂದ ಹನ್ನೊಂದನ್ನೂ ಕತ್ತರಿಸಿ ಜೇಬಿಗೆ ತುರುಕಿದಳು. ಅತಿಥಿಗಳಿಗೆ ಹುರುಪು ಬಂದು, ಕೆಲವರು ಕೈಗೆ ಸಿಕ್ಕ ಸೈಕಲ್ಲು ಏರಿ ಗುಡ್ಡದ ತನಕ ಹೋಗಿ, ಅಲ್ಲೇ ಬಿಟ್ಟು ನಡೆದು ಇಳಿದರು. ಅವರು ಹೋದ ಮೇಲೆ ಅವಳು ಒಂದೊಂದನ್ನೇ ಹುಡುಕಿ ಬಟ್ಟೆ ಕಟ್ಟುತ್ತ ಬಂದಳು. ಹತ್ತು ಸಿಕ್ಕವು. ಹನ್ನೊಂದನೆಯ ಬಟ್ಟೆ ಜೇಬಿನಲ್ಲೇ ಉಳಿಯಿತು. ಕಾಲು ಬಿದ್ದುಹೋಗಿದ್ದವು. ನಾಳೆ ನೋಡಿದರಾಯಿತು ಅಂದುಕೊಂಡಳು.

ಮರುದಿನ ಬೆಳಿಗ್ಗೆ ಏಳಕ್ಕೆ, ಮೊದಲ ಲಾಂಚಿನಲ್ಲಿ ಬರುವ ಔಷಧಿ ಪೆಟ್ಟಿಗೆ ತರಲೆಂದು ಗುಡ್ಡದ ಮೇಲಿನ ಆಸ್ಪತ್ರೆಯಿಂದ ನರ್ಸು ಹೊರಟಳು. ಬಾಗಿಲಲ್ಲಿ ಒರಗಿದ್ದ ಸೈಕಲ್ಲು ಏರಿದಳು. ಗುಡ್ಡ ಇಳಿದು ರಸ್ತೆ ತಿರುಗುವಲ್ಲಿ ಐಸ್ ಫ್ಯಾಕ್ಟರಿಯ ಗೋಡೆ. ಅವಳು ತಿರುಗಲಿಲ್ಲ.

ಊರಿಗೆ ಅವಳು ನರ್ಸು, ನಟ್ಟಕ್ಕನಿಗೆ ಪುಟ್ಟಿ. ದೊಡ್ಡಮ್ಮನ ಮಗಳು. ಜೆಟ್ಟಿಯ ಟಿಕೆಟ್ ಕಿಟಕಿಯ ಹಿಂದಿನ ಒಂದೇ ಕೋಣೆಯಲ್ಲಿ, ಒಂದೇ ಚಾಪೆಯಲ್ಲಿ, ಒಂದೇ ಬಾಚಣಿಗೆಗೆ ಜಗಳವಾಡುತ್ತ ಬೆಳೆದವರು ಇಬ್ಬರೂ. ನಟ್ಟಕ್ಕನ ಅಮ್ಮ ಬೇಗ ಕಣ್ಣುಮುಚ್ಚಿದ್ದಳು. ತಂಗಿಯ ಮಗಳನ್ನು ದೊಡ್ಡಮ್ಮ ಒಂದು ಕಂಕುಳಲ್ಲಿ, ತನ್ನ ಮಗಳನ್ನು ಇನ್ನೊಂದರಲ್ಲಿ ಇಟ್ಟುಕೊಂಡು ಟಿಕೆಟ್ ಹರಿದವಳು.

ನಾಲ್ಕನೆಯ ದಿನ ಸಂಘದವರು ಜೆಟ್ಟಿಯಲ್ಲಿ ಫಲಕ ನಿಲ್ಲಿಸಿದರು: 'ಅತಿವೇಗ ಒಂದು ಜೀವ ತೆಗೆಯಿತು. ನಿಧಾನವಾಗಿ ತುಳಿಯಿರಿ.' ಟಿಕೆಟ್ ಕಿಟಕಿಗೆ ನೇರ ಎದುರಾಗಿ.

ಐದನೆಯ ದಿನ ಅಧ್ಯಕ್ಷರು ಶೆಡ್ಡಿಗೆ ಬಂದು, "ಸ್ಕೂಲು ಶುರುವಾಗ್ತಿದೆ, ಎಷ್ಟು ಸೈಕಲ್ಲು ಬಿಡಿಭಾಗಕ್ಕೆ ಕಾಯ್ತಾ ನಿಂತಿವೆ, ಗೋಡೆಗೆ ಗುದ್ದಿದ ಆ ಸೈಕಲ್ಲನ್ನ ಹಾಗೇ ಇಟ್ಟುಕೊಂಡು ಏನು ಮಾಡ್ತೀಯಮ್ಮಾ?" ಅಂದರು. ದ್ವೀಪದಲ್ಲಿ ಯಾವುದನ್ನೂ ಎಸೆಯುವುದಿಲ್ಲ. ಸತ್ತ ಸೈಕಲ್ಲಿನ ಸೀಟು ಇನ್ನೊಂದಕ್ಕೆ, ಚೈನು ಮತ್ತೊಂದಕ್ಕೆ. ನಟ್ಟಕ್ಕ ಸ್ಪ್ಯಾನರ್ ಹಿಡಿದಳು. ಅವಳ ಕೈಗಳು ಎಂದೂ ಇಲ್ಲದ ಅವಸರದಲ್ಲಿ ಕೆಲಸ ಮಾಡಿದವು. ಕಣ್ಣು ಏನನ್ನಾದರೂ ನೋಡಿಬಿಡುವ ಮೊದಲೇ ಮುಗಿಸಿಬಿಡಬೇಕೆಂದು ಕೈಗಳೇ ತೀರ್ಮಾನಿಸಿದ ಹಾಗಿತ್ತು.

ಒಂಬತ್ತನೆಯ ದಿನ ದೊಡ್ಡಮ್ಮ ಬಂದಳು. ಹೊಸ್ತಿಲಲ್ಲೇ ನಿಂತಳು.

"ಎಲ್ಲಿದೆಯೇ ಅದು?"

"ಯಾವುದು ದೊಡ್ಡಮ್ಮ?"

"ನನ್ನ ಹತ್ರ ಯಾವುದು ಅಂತ ಕೇಳ್ತೀಯಾ?"

ನಟ್ಟಕ್ಕ ಮೂಲೆಯತ್ತ ನೋಡಿದಳು. ನುಜ್ಜುಗುಜ್ಜಾದ ಮುಂದಿನ ಚಕ್ರ, ಬಾಗಿದ ಫೋರ್ಕು, ಬರಿಯ ಅಸ್ಥಿಪಂಜರದಂಥ ಫ್ರೇಮು. ಮಿಕ್ಕದ್ದೇನೂ ಇಲ್ಲ. "ಬಿಚ್ಚಿದೆ," ಅಂದಳು. "ಬೇರೆ ಸೈಕಲ್ಲುಗಳಿಗೆ ಹಾಕಿದೆ."

ದೊಡ್ಡಮ್ಮ ಆ ಫ್ರೇಮನ್ನು ನೋಡಿದಳು. "ನನ್ನ ಮಗಳನ್ನಾದರೂ ಇಡಿಯಾಗಿ ಕೊಟ್ರು. ಇದನ್ನ ಊರಿಗೆಲ್ಲ ಹಂಚಿಬಿಟ್ರಾ?" ಆಮೇಲೆ ಸೆರಗಿನಲ್ಲಿ ಮೂಗೊರೆಸಿ, ಟಿಕೆಟ್ ಕಿಟಕಿಯ ದನಿಯಲ್ಲೇ ಹೇಳಿದಳು: "ದಿನಾ ಆ ಬೋರ್ಡು ನೋಡ್ತಾ ಕೂತಿದೀನಿ. ನನ್ನ ಮಗಳು ಹುಚ್ಚು ಹಿಡಿದವಳ ಹಾಗೆ ಬಂದು ಗುದ್ದಿಕೊಂಡ್ಳು ಅಂತ ಊರು ಓದ್ತಿದೆ. ಗಾಳಿಗೆ ಕೊಡೆ ಬಿಚ್ಚೋಕೂ ಹೆದರ್ತಿದ್ದ ಹುಡುಗಿ ಅವಳು. ಕೆಟ್ಟಿದ್ದು ಸೈಕಲ್ಲೋ, ನನ್ನ ಮಗಳೋ, ನನಗೆ ಗೊತ್ತಾಗಬೇಕು. ಅದನ್ನ ಜೋಡಿಸು. ಒಂದು ನಟ್ಟು ಬಿಡದ ಹಾಗೆ. ತಂದು ನನ್ನ ಮುಂದೆ ನಿಲ್ಲಿಸಿ, ಏನಾಗಿತ್ತು ಅಂತ ನಿನ್ನ ಬಾಯಲ್ಲೇ ಹೇಳು."

"ತರ್ತೀನಿ ದೊಡ್ಡಮ್ಮ."

"ಮಾತು ಕೊಡು."

"ಕೊಟ್ಟೆ."

ಹಾಗೆ ನಟ್ಟಕ್ಕ ದ್ವೀಪ ಸುತ್ತಲು ಹೊರಟಳು. ಹೆಗಲಿಗೆ ಗೋಣಿಚೀಲ, ಕೈಯಲ್ಲಿ ಸ್ಪ್ಯಾನರ್. ಬೇಕಾದದ್ದು ಆರು ಭಾಗಗಳು: ಸೀಟು, ಚೈನು, ಪೆಡಲುಗಳು, ಹಿಂದಿನ ಚಕ್ರ, ಬ್ರೇಕು, ಹ್ಯಾಂಡಲ್ಲು. ಯಾವುದು ಎಲ್ಲಿದೆ ಎಂದು ಬರೆದಿಟ್ಟಿರಲಿಲ್ಲ. ಬರೆಯುವ ಅಗತ್ಯವೂ ಅವಳಿಗಿರಲಿಲ್ಲ. ತಾನು ಬಿಗಿದ ನಟ್ಟನ್ನು ಅವಳು ಮಕ್ಕಳ ಮುಖದ ಹಾಗೆ ಗುರುತು ಹಿಡಿಯುತ್ತಿದ್ದಳು.

ಸೀಟು ಸಿಕ್ಕಿದ್ದು ಬೇಕರಿಯ ಮುಂದೆ. ಬೇಕರಿಯವನು ಹಿಟ್ಟಿನ ಕೈಯಲ್ಲೇ ಓಡಿ ಬಂದ. "ಅಕ್ಕಾ, ಅದೊಂದು ಬಿಟ್ಟು ಇನ್ನೇನು ಬೇಕಾದರೂ ಬಿಚ್ಚಿಕೋ. ನನ್ನ ಹೆಂಡತಿಗಿಂತ ಚೆನ್ನಾಗಿ ಒಗ್ಗಿಕೊಂಡಿದೆ ಆ ಸೀಟು."

"ಅದು ಪುಟ್ಟಿ ಸೈಕಲ್ಲಿಂದು."

ಬೇಕರಿಯವನು ಎರಡು ಹೆಜ್ಜೆ ಹಿಂದೆ ಸರಿದ. ಪ್ಯಾಂಟಿನ ಹಿಂಭಾಗವನ್ನು ಹಿಟ್ಟಿನ ಕೈಯಿಂದ ಮತ್ತೆ ಮತ್ತೆ ಒರೆಸಿಕೊಂಡ. "ನಾಲ್ಕು ದಿನದಿಂದ ಅದರ ಮೇಲೆ ಕೂತು ಹಾಡು ಹೇಳ್ಕೊಂಡು ಓಡಾಡಿದೆನಲ್ಲಕ್ಕಾ," ಅಂದ. ಅಷ್ಟು ಹೇಳಿ ಒಳಗೆ ಹೋದವನು ಮತ್ತೆ ಹೊರಗೆ ಬರಲಿಲ್ಲ.

ಹಿಂದಿನ ಚಕ್ರ ಟೀಚರಮ್ಮನ ಸೈಕಲ್ಲಿನಲ್ಲಿತ್ತು. ಆಕೆ ಬಿಲ್‌ಕುಲ್ ಒಪ್ಪಲಿಲ್ಲ. "ಹೋದವಳು ಹೋದಳಮ್ಮ, ಮೂರು ಮೈಲಿ ನಾನು ನಡ್ಕೊಂಡು ಹೋಗ್ಲಾ? ಚಕ್ರ ಏನು ಪಾಪ ಮಾಡಿತ್ತು?" ಎಂದು ಜಗಳಕ್ಕೇ ನಿಂತಳು. ಹೋದವಳು ಎಂಬ ಮಾತು ಬಾಯಿಂದ ಬಿದ್ದ ಮೇಲೆ ತಾನೇ ಬೆಚ್ಚಿ, ಸೈಕಲ್ಲನ್ನು ನಟ್ಟಕ್ಕನತ್ತ ತಳ್ಳಿ, ಪುಸ್ತಕದ ಚೀಲ ತಲೆಯ ಮೇಲಿಟ್ಟುಕೊಂಡು ನಡೆದೇಬಿಟ್ಟಳು. ಚೈನು ಮೀನಿನ ಗೋದಾಮಿನಲ್ಲಿತ್ತು, ಪೆಡಲುಗಳು ಡಾಕ್ಟರ ಮನೆಯ ಅಂಗಳದಲ್ಲಿ. ಡಾಕ್ಟರು ತಾವೇ ಮಂಡಿಯೂರಿ, ಅವಳು ಬಿಚ್ಚುವಾಗ ಸೈಕಲ್ಲು ಹಿಡಿದುಕೊಂಡರು.

ಅವಳು ಹಾದುಹೋದಲ್ಲೆಲ್ಲ ಹಿಂದೆ ಒಂದೊಂದು ಕುಂಟು ಸೈಕಲ್ಲು ಉಳಿಯುತ್ತಿತ್ತು. ಒಂದಕ್ಕೆ ಸೀಟಿಲ್ಲ, ಒಂದಕ್ಕೆ ಚಕ್ರವಿಲ್ಲ. ಜನ ಕಿಟಕಿಯಿಂದ ನೋಡುತ್ತಿದ್ದರು. "ಒಂದು ಸತ್ತ ಸೈಕಲ್ಲಿಗೆ ನಾಲ್ಕೈದು ಬದುಕಿರೋದನ್ನ ಕೊಲ್ತಿದ್ದಾಳೆ" ಎಂದು ಯಾರೋ ಅಂದದ್ದು ಅವಳಿಗೆ ಕೇಳಲೆಂದೇ ಅಂದಂತಿತ್ತು.

ಬ್ರೇಕು ಮತ್ತು ಹ್ಯಾಂಡಲ್ಲು ಎರಡೂ ದೀಪಸ್ತಂಭದ ಕಾವಲುಗಾರನ ಸೈಕಲ್ಲಿನಲ್ಲಿದ್ದವು. ಅವನು ಮುದುಕ, ಮಾತಿಗೆ ಹಸಿದವನು.

"ಬಾರಮ್ಮಾ ನಟ್ಟಕ್ಕಾ. ಈ ಬ್ರೇಕು ಹಾಕಿಕೊಟ್ಟೆಯಲ್ಲ, ಇದನ್ನ ಹಿಡಿದರೆ ಸೈಕಲ್ಲು 'ಯಾಕೆ ಕರೆದೆ' ಅಂತ ಕೇಳುತ್ತೆ, ನಿಲ್ಲೋದು ಮಾತ್ರ ಇಲ್ಲ. ಬಟ್ಟೆ ಕಟ್ಟೋಣ ಅಂದ್ರೆ ಇಲ್ಲಿ ನನ್ನ ಬಿಟ್ಟು ಹತ್ತೋರು ಯಾರು? ನಾನು ಹತ್ತೋದೇ ಬಿಟ್ಟಿದೀನಿ, ಜೊತೆಗೆ ತಳ್ಳಿಕೊಂಡು ಹೋಗ್ತೀನಿ, ವಾಕಿಂಗ್ ಆಗುತ್ತೆ."

ನಟ್ಟಕ್ಕ ಕುಕ್ಕರಗಾಲಲ್ಲಿ ಕೂತಳು. ಬ್ರೇಕಿನ ರಬ್ಬರು ಸವೆದು ಕಬ್ಬಿಣ ಕಾಣುತ್ತಿತ್ತು. ವೈರಿನ ಎಳೆಗಳಲ್ಲಿ ಉಳಿದದ್ದು ಎರಡೋ ಮೂರೋ. ಇದನ್ನೇ ತಾನು ಇನ್ನೊಬ್ಬರ ಸೈಕಲ್ಲಿಗೆ, ಅದೂ ಈ ಮುದುಕನ ಸೈಕಲ್ಲಿಗೆ ಬಿಗಿದಿದ್ದಳು, ನೋಡದೆ. ನೋಡಬಾರದೆಂದು. ಹ್ಯಾಂಡಲ್ಲಿನ ಬೆಲ್ಲನ್ನು ಅತ್ತ ಸರಿಸಿದಳು. ಅದರ ಬುಡದಲ್ಲಿ, ಬೆರಳಿನ ಉಗುರಿನಷ್ಟು, ಬ್ಲೇಡಿನಿಂದ ಕತ್ತರಿಸಿ ಉಳಿದ ಒಂದು ಕೆಂಪು ಗಂಟು.

ಯಾರೋ ಈ ಬ್ರೇಕು ಕೆಟ್ಟಿದೆಯೆಂದು ಕಂಡಿದ್ದರು, ಕಟ್ಟಬೇಕಾದದ್ದನ್ನು ಕಟ್ಟಿಯೂ ಇದ್ದರು.

ಕಾವಲುಗಾರ ಒಳಗಿನಿಂದ ನೀರು ತಂದುಕೊಟ್ಟ. ಅವಳು ಲೋಟ ಹಿಡಿದೇ ಇದ್ದಳು. ಗಂಟು ಎಷ್ಟು ಚಿಕ್ಕದಿತ್ತೆಂದರೆ ಹಲ್ಲಿನಿಂದ ಕಿತ್ತು ಉಗಿದರೆ ಮುಗಿಯಿತು. ಹೊಸ ರಬ್ಬರು ಹಾಕಿದರೆ ದೊಡ್ಡಮ್ಮನಿಗೆ ಗೊತ್ತಾಗುವ ಬಗೆಯೇ ಇಲ್ಲ. ಆಮೇಲೆ ಫಲಕ ಹೇಳಿದ್ದೇ ನಿಜವಾಗಿ, ಪುಟ್ಟಿ ಎಂದೆಂದಿಗೂ ಆ ಇಳಿಜಾರಿನಲ್ಲಿ ವೇಗವಾಗಿ ಬರುತ್ತಲೇ ಇರುತ್ತಾಳೆ.

"ನೀರು ಕುಡಿ ತಾಯಿ, ಮುಖ ಬಿಳಿಚಿಕೊಂಡಿದೆ," ಅಂದ ಮುದುಕ.

ಅವಳು ಗಂಟನ್ನು ಹಾಗೇ ಬಿಟ್ಟು ಹ್ಯಾಂಡಲ್ಲು ಬಿಚ್ಚಿದಳು.

ಶೆಡ್ಡಿನಲ್ಲಿ ಎರಡು ಹಗಲು ಹಿಡಿಯಿತು. ಬಾಗಿದ ಫೋರ್ಕನ್ನು ಬಡಿದು ಉರುಳುವಷ್ಟರ ಮಟ್ಟಿಗೆ ನೇರ ಮಾಡಿದಳು, ಮುಂದಿನ ಚಕ್ರಕ್ಕೆ ಕಡ್ಡಿ ಪೋಣಿಸಿದಳು. ಬ್ರೇಕನ್ನು ಮಾತ್ರ ಇದ್ದ ಹಾಗೇ ಇಟ್ಟಳು. ಕಥೆಗಳಲ್ಲಾದರೆ ತುಂಡು ತುಂಡಾದವರನ್ನು ಹೀಗೆ ಸಾಲಾಗಿ ಜೋಡಿಸಿ, ಮಂತ್ರದ ನೀರು ಚಿಮುಕಿಸಿದರೆ ಅವರು ಕಣ್ಣುಜ್ಜಿಕೊಂಡು, ಎಷ್ಟು ಹೊತ್ತು ಮಲಗಿಬಿಟ್ಟೆ ಎಂದು ಏಳುತ್ತಾರೆ. ಇಲ್ಲಿ ಎದ್ದು ನಿಂತದ್ದು ಸೈಕಲ್ಲು ಮಾತ್ರ.

ತಳ್ಳಿಕೊಂಡು ಹೊರಟಾಗ ಐಸ್ ಫ್ಯಾಕ್ಟರಿಯ ತಿರುವಿನಲ್ಲಿ ಅಧ್ಯಕ್ಷರು ಅಡ್ಡ ಬಂದರು. ಅವರಿಗೆ ಸುದ್ದಿ ಮುಟ್ಟಿತ್ತು. ಕೂಗಲಿಲ್ಲ, ಬೆದರಿಸಲಿಲ್ಲ. ಕೈಮುಗಿದರು. ಅದೇ ಕಷ್ಟವಾಯಿತು.

"ನೋಡಮ್ಮಾ, ಇದನ್ನ ಹೇಳಿಬಿಟ್ರೆ ನಾಳೆಯಿಂದ ಒಬ್ಬರೂ ಸೈಕಲ್ ಹತ್ತಲ್ಲ. ವ್ಯಾನುಗಳು ವಾಪಸ್ ಬರ್ತವೆ. ಎಷ್ಟು ಜನ ಇದರಿಂದ ಬದುಕಿಕೊಂಡಿದಾರೆ, ಲೆಕ್ಕ ಹಾಕು. ನಾನೇ ಇಲ್ವಾ? ಹೋದ ಹುಡುಗಿ ಹೇಗೂ ಬರಲ್ಲ."

"ಬಟ್ಟೆ ತೆಗಿ ಅಂದವರು ನೀವು ಸಾರ್."

"ಕಟ್ಟು ಅಂತಾನೂ ಅಂದಿದ್ದೆ."

ಹೌದು, ಅಂದಿದ್ದರು. ನಟ್ಟಕ್ಕ ಸೈಕಲ್ಲನ್ನು ಅವರ ಪಕ್ಕದಿಂದ ತಿರುಗಿಸಿಕೊಂಡು ಮುಂದೆ ಹೋದಳು. ಅವರು ಹಿಂದೆ ಬರಲಿಲ್ಲ.

ಜೆಟ್ಟಿಯಲ್ಲಿ ಹನ್ನೊಂದೂವರೆ ಲಾಂಚಿನ ಸಾಲು. ಇಪ್ಪತ್ತು ಜನರಿದ್ದರೇನೋ. ಸೈಕಲ್ಲು ಕಂಡು ದಾರಿ ಬಿಟ್ಟರು. ಅವಳು ಅದನ್ನು ಟಿಕೆಟ್ ಕಿಟಕಿಯ ಮುಂದೆ ಸ್ಟ್ಯಾಂಡು ಹಾಕಿ ನಿಲ್ಲಿಸಿದಳು.

ಕಿಟಕಿಯ ಬಾಗಿಲು ಮುಚ್ಚಿತು. ಪಕ್ಕದ ಬಾಗಿಲಿಂದ ದೊಡ್ಡಮ್ಮ ಹೊರಗೆ ಬಂದಳು. ಸೀಟು ಸವರಿದಳು, ಚೈನು ಮುಟ್ಟಿ ಎಣ್ಣೆಯಾದ ಬೆರಳನ್ನು ನೋಡಿಕೊಂಡಳು. ಆಮೇಲೆ ಬ್ರೇಕು ಹಿಡಿದಳು. ಹಿಡಿಕೆ ಏನೂ ಅಡ್ಡಿಯಿಲ್ಲದೆ ಹ್ಯಾಂಡಲ್ಲಿಗೆ ತಾಗಿತು. ಬಿಟ್ಟಳು. ಮತ್ತೆ ಹಿಡಿದಳು. ಮತ್ತೆ ತಾಗಿತು.

"ಹೇಳು," ಅಂದಳು.

"ಬ್ರೇಕು ಇರಲಿಲ್ಲ ದೊಡ್ಡಮ್ಮ. ಯಾರೋ ನೋಡಿ ಬಟ್ಟೆ ಕಟ್ಟಿದ್ರು. ಅವತ್ತು ನೋಡೋಕೆ ಬಂದವರಿಗೆ ಚೆಂದ ಕಾಣಲಿ ಅಂತ ನಾನು ಕತ್ತರಿಸಿದೆ. ವಾಪಸ್ ಕಟ್ಟುವಾಗ ಒಂದು ಸಿಗಲಿಲ್ಲ. ಸಿಗಲಿಲ್ಲ ಅಂತ ಗೊತ್ತಿದ್ದೂ ಮನೆಗೆ ಹೋಗಿ ಮಲಗಿದೆ. ಪುಟ್ಟಿ ವೇಗವಾಗಿ ಬರಲಿಲ್ಲ. ಅವಳಿಗೆ ನಿಲ್ಲಿಸೋಕೆ ಆಗಲಿಲ್ಲ."

ದೊಡ್ಡಮ್ಮನ ಕೈ ಮೇಲೆದ್ದಿತು. ಹೊಡೆಯುತ್ತಾಳೆಂದು ಎಲ್ಲರೂ ಅಂದುಕೊಂಡರು. ನಟ್ಟಕ್ಕ ಹೊಡೆಯಲೆಂದೇ ಕಾದಳು. ಕೈ ಗಾಳಿಯಲ್ಲಿ ಒಂದಿಷ್ಟು ಹೊತ್ತು ಇದ್ದು, ಇಳಿದು, ಸೈಕಲ್ಲಿನ ಹ್ಯಾಂಡಲ್ಲು ಹಿಡಿದುಕೊಂಡಿತು.

"ಮೆತ್ತಗೆ ಹೇಳಿದೆ," ಅಂದಳು. "ಸಾಲಿನ ಕೊನೆಯಲ್ಲಿ ಇರೋರಿಗೆ ಕೇಳಿಸಿಲ್ಲ. ಇನ್ನೊಂದು ಸಲ ಹೇಳು."

ನಟ್ಟಕ್ಕ ಸಾಲಿನ ಕಡೆಗೆ ತಿರುಗಿದಳು. ಟೀಚರಮ್ಮ ಇದ್ದಳು, ಗೋದಾಮಿನವರು ಇದ್ದರು, ಗುರುತಿಲ್ಲದ ಇಬ್ಬರು ಪ್ರವಾಸಿಗಳಿದ್ದರು. ಮೊದಲಿನಿಂದ ಕೊನೆಯ ತನಕ, ಒಂದು ಮಾತೂ ಬಿಡದೆ, ಲಾಂಚಿನ ಎಂಜಿನ್ನಿನ ಸದ್ದನ್ನೂ ಮೀರಿ ಹೇಳಿದಳು. ಕೊನೆಯಲ್ಲಿದ್ದವನು ಹೆಗಲ ಮೇಲಿನ ಚೀಲವನ್ನು ನಿಧಾನವಾಗಿ ನೆಲಕ್ಕಿಳಿಸಿದ. ಅವನಿಗೂ ಕೇಳಿಸಿತ್ತು.