ಮೇಷ್ಟ್ರು ಕಾವಲಿಗೆ ಬಂದದ್ದು

ನಾಯಿ ತರಲೇಬೇಕೆಂದು ಹಟ ಹಿಡಿದವಳು ಅಕ್ಕ, ಬೇಡವೇ ಬೇಡ ಎಂದವನು ತಮ್ಮ.

ತಮ್ಮನಿಗೆ ಪೇಟೆಬೀದಿಯ ಮೂಲೆಯಲ್ಲಿ ಎರಡು ಕುರ್ಚಿಗಳ ಕ್ಷೌರದಂಗಡಿಯಿತ್ತು. ಅಕ್ಕ ಆಸ್ಪತ್ರೆಯ ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ, ಊರಂಚಿನ ಮನೆಯ ಹಿತ್ತಿಲಲ್ಲಿ ಆಡು ಸಾಕಿಕೊಂಡಿದ್ದಳು. ಇಬ್ಬರೂ ಮದುವೆಯ ಗೊಡವೆಗೆ ಹೋದವರಲ್ಲ. ಒಂದೇ ಸೂರಿನಡಿ ದಿನಕ್ಕೊಂದು ಜಗಳವಾಡುತ್ತ ಸುಖವಾಗಿಯೇ ಇದ್ದರು.

ಮನೆಯ ಬೆನ್ನಿಗೇ ಗುಡ್ಡ. ಬೆಳಿಗ್ಗೆ ಅಕ್ಕನ ಜೊತೆ ಹತ್ತಿದ ಆಡುಗಳು ಸಂಜೆಗೆ ಇಳಿಯುತ್ತಿದ್ದವು. ಆ ವರ್ಷ ಬೀಡಾಡಿ ನಾಯಿಗಳ ಗುಂಪೊಂದಕ್ಕೆ ಗುಡ್ಡದ ರುಚಿ ಹತ್ತಿತು. ಅಕ್ಕನ ಕಣ್ಣೆದುರೇ ಎರಡು ಮರಿಗಳನ್ನು ಎಳೆದೊಯ್ದವು. ಅವಳು ಕೋಲು ಬೀಸುತ್ತ ಓಡಿದಳು, ಗಂಟಲು ಹರಿಯುವಂತೆ ಕೂಗಿದಳು, ಬರಿಗೈಯಲ್ಲಿ ಮರಳಿದಳು. ಆಮೇಲೆ ಎಷ್ಟೋ ದಿನ ಸಂಜೆ ಆಡುಗಳನ್ನು ಎರಡೆರಡು ಸಲ ಎಣಿಸುತ್ತಿದ್ದಳು.

"ನಾಯಿ ಕಾಟಕ್ಕೆ ಇನ್ನೊಂದು ನಾಯಿನಾ? ನೆಗಡಿಗೆ ಔಷಧಿ ತರೋಕೆ ಹೋಗಿ ಕೆಮ್ಮು ತಂದ ಹಾಗಾಯ್ತು," ಎಂದ ತಮ್ಮ.

"ನೀನು ಸುಮ್ನೆ ಗಾಡಿ ಓಡಿಸು," ಎಂದಳು ಅಕ್ಕ.

ನಾಯಿಗಳ ಆಶ್ರಯಧಾಮವೆಂದರೆ ಹಳೆಯದೊಂದು ಗೋದಾಮು. ಸಾಲಾಗಿ ಜಾಲರಿಯ ಕೋಣೆಗಳು, ತೊಳೆದ ಸಿಮೆಂಟಿನ ವಾಸನೆ, ಕಿವಿ ಗಡಚಿಕ್ಕುವ ಗದ್ದಲ. ಎಲ್ಲ ನಾಯಿಗಳೂ ತನ್ನನ್ನು ನೋಡು, ತನ್ನನ್ನು ನೋಡು ಎಂದು ಜಾಲರಿಗೆ ಹಾರುತ್ತಿದ್ದವು. ಕೊನೆಯ ಕೋಣೆಯಲ್ಲಿ ಮಾತ್ರ ಒಂದು ದೊಡ್ಡ ಬಿಳಿ ನಾಯಿ ಗೋಡೆಗೆ ಬೆನ್ನು ಕೊಟ್ಟು ಮಲಗಿತ್ತು. ಬಿಳಿ ಎನ್ನುವುದು ಮರ್ಯಾದೆಯ ಮಾತು. ಕೂದಲು ಗಂಟುಗಂಟಾಗಿ, ಮಳೆಯಲ್ಲಿ ನೆನೆದ ಹಳೇ ಹಾಸಿಗೆಯ ಬಣ್ಣಕ್ಕೆ ತಿರುಗಿತ್ತು. ಒಂದು ಕಣ್ಣಿಗೆ ಪೊರೆ. ತಲೆಯೆತ್ತಿ ಇವರನ್ನೊಮ್ಮೆ ನೋಡಿತು, ನೋಡಿ ಮುಗಿಸಿತು.

"ಅವರು ನಮ್ಮ ಮೇಷ್ಟ್ರು," ಎಂದಳು ಅಲ್ಲಿನ ಪಶುವೈದ್ಯೆ. "ಯಾರು ಬಂದ್ರೂ ಹಿಂಗೇ ನೋಡ್ತಾರೆ, ಹೋಮ್‌ವರ್ಕ್ ಮಾಡ್ದೇ ಬಂದೋರನ್ನ ನೋಡೋ ಹಾಗೆ. ಆಯಸ್ಸೆಲ್ಲಾ ಬೆಟ್ಟದ ಮೇಲೆ ಕುರಿ ಕಾದವರು. ಕುರಿಯವನು ತೀರ್ಕೊಂಡ, ಮಂದೆ ಚದುರಿಹೋಯ್ತು. ಎರಡು ಮನೆಯವರು ಕರ್ಕೊಂಡು ಹೋಗಿ ವಾಪಸ್ ತಂದುಬಿಟ್ರು. ಕರೆದ್ರೆ ಬರಲ್ಲ, ಆಡಲ್ಲ, ಕತ್ತಲಾದ್ರೆ ಬೊಗಳ್ತಾರೆ ಅಂತ ದೂರು."

"ಅದು ದೂರು ಅಲ್ಲ, ವಯಸ್ಸು," ಎಂದ ತಮ್ಮ. "ನಮ್ಮ ಅಂಗಡಿಗೂ ಬರ್ತಾರೆ ಅಂಥೋರು."

ಅಕ್ಕನ ಮನಸ್ಸೂ ಪಕ್ಕದ ಕೋಣೆಯ ಕಟ್ಟುಮಸ್ತಾದ ಎಳೆಯ ನಾಯಿಯ ಮೇಲಿತ್ತು. ಅದನ್ನು ನೋಡಲು ಬಗ್ಗಿದಾಗ ಹೆಗಲ ಶಾಲು ಜಾರಿ, ಅದರ ತುದಿ ಕೊನೆಯ ಕೋಣೆಯ ಜಾಲರಿಗೆ ತಾಗಿತು. ಬೆಳಿಗ್ಗೆ ಆಡುಗಳ ಹಾಲು ಕರೆಯುವಾಗ ಹೊದ್ದಿದ್ದ ಶಾಲು ಅದು.

ಮೇಷ್ಟ್ರು ಎದ್ದಿತು. ಏಳುವುದೂ ಕಂತಿನಲ್ಲಿ: ಮೊದಲು ಮುಂಗಾಲು, ಆಮೇಲೆ ಸ್ವಲ್ಪ ಯೋಚನೆ, ಆಮೇಲೆ ಹಿಂಗಾಲು. ಕುಂಟುತ್ತ ಬಂದು ಶಾಲಿಗೆ ಮೂಗು ಒತ್ತಿತು. ಒತ್ತಿ, ಎರಡೂ ಕಣ್ಣು ಮುಚ್ಚಿಕೊಂಡಿತು. ಅದರ ಎದೆಯಾಳದಿಂದ ಸಣ್ಣದೊಂದು ದನಿ ಹೊರಟಿತು. ಕುಂಯ್ಗುಟ್ಟುವಿಕೆಯಲ್ಲ, ಗುರುಗುಟ್ಟುವಿಕೆಯೂ ಅಲ್ಲ. ದೂರದೂರಿನಿಂದ ಬಂದವರು ಮನೆ ಬಾಗಿಲಲ್ಲಿ ಚೀಲ ಇಳಿಸಿ ಬಿಡುವ ಉಸಿರಿನಂಥದ್ದು.

ಪಶುವೈದ್ಯೆ ಜಾಲರಿಯ ಹತ್ತಿರ ಬಂದಳು. "ಇಷ್ಟು ದಿನದಲ್ಲಿ ಇವರು ಯಾರ ಹತ್ರಕ್ಕೂ ಎದ್ದು ಬಂದಿರಲಿಲ್ಲ," ಎಂದಳು.

ಅಕ್ಕ ಶಾಲನ್ನು ಎಳೆದುಕೊಳ್ಳಲಿಲ್ಲ. ತಮ್ಮನ ಕಡೆ ತಿರುಗಿದಳು. ಅವನು ಗಾಡಿಯ ಹಿಂಬಾಗಿಲು ತೆರೆಯಲು ಹೋದ.

ಬೀದಿಯವರು ಒಂದು ವಾರ ಪುಕ್ಕಟೆ ನಕ್ಕರು. "ಕಾವಲಿಗೆ ಇದನ್ನ ತಂದ್ಯಾ? ಇದನ್ನ ಕಾಯೋಕೆ ಯಾರನ್ನ ತರ್ತೀಯಾ?" ಎಂದು ಕುರ್ಚಿಯಲ್ಲಿ ಕೂತ ಗಿರಾಕಿಯೂ ಕೇಳಿದ. ಕ್ಷೌರಿಕನೂ ನಕ್ಕ. ನಗದೆ ವಿಧಿಯಿರಲಿಲ್ಲ, ಅವನ ಅಭಿಪ್ರಾಯವೂ ಅದೇ ಆಗಿತ್ತು.

ಆದರೆ ಆ ಗಂಟುಗೂದಲನ್ನು ನೋಡಿಕೊಂಡು ಸುಮ್ಮನಿರುವುದು ಅವನ ಕಸುಬಿಗೆ ಒಗ್ಗಲಿಲ್ಲ. ರಜೆಯ ದಿನ ಕತ್ತರಿ, ಬಾಚಣಿಗೆ, ಬಿಸಿನೀರು ತೆಗೆದುಕೊಂಡು ಅಂಗಳದಲ್ಲಿ ಕುಳಿತ. ಮೇಷ್ಟ್ರು ಬೇಡವೆನ್ನಲಿಲ್ಲ, ಬೇಕೆಂದೂ ಅನ್ನಲಿಲ್ಲ. ಎಡಗೈಯಿಂದ ಚರ್ಮವನ್ನು ಒತ್ತಿ ಹಿಡಿದು, ಕತ್ತರಿಯ ತುದಿಯನ್ನು ಗಂಟಿನ ಬುಡಕ್ಕೆ ತೂರಿಸಿ, ಒಂದೊಂದನ್ನೇ ಬಿಡಿಸುತ್ತ ಹೋದ. ಕಿವಿಯ ಕೆಳಗಿನ ದಪ್ಪ ಗಂಟು ಕೈಗೆ ಬಂದಾಗ ಬೆರಳು ನಿಂತಿತು.

ಕೂದಲ ಕೆಳಗೆ ಕತ್ತಿನುದ್ದಕ್ಕೂ ಗಾಯದ ಗುರುತುಗಳಿದ್ದವು. ಹಲ್ಲುಗಳು ಇಳಿದ ಗುಳಿಗಳು, ಹರಿದು ಕೂಡಿಕೊಂಡ ಚರ್ಮದ ಏಣುಗಳು. ಒಂದರ ಮೇಲೊಂದು, ಹೊಸದರ ಕೆಳಗೆ ಹಳೆಯದು. ಎದೆಯ ಮೇಲೆ ಅಂಗೈಯಗಲದ ಒಂದು ಕಲೆ. ಮೂಗಿನ ಪಕ್ಕ, ಭುಜದ ಮೇಲೆ, ಮುಂಗಾಲಿನ ಒಳಬದಿಗೆ. ಕ್ಷೌರಿಕ ಸಾವಿರಾರು ತಲೆ ನೋಡಿದವನು. ಬಾಲ್ಯದಲ್ಲಿ ಬಿದ್ದದ್ದು, ಕುಡಿದು ಹೊಡೆದಾಡಿದ್ದು, ಕಾರ್ಖಾನೆಯಲ್ಲಿ ತಗುಲಿದ್ದು, ಎಲ್ಲವನ್ನೂ ಕೂದಲ ಕೆಳಗೆ ಓದಬಲ್ಲವನು. ಅವನು ಕತ್ತರಿ ಕೆಳಗಿಟ್ಟು ಎರಡೂ ಕೈಗಳಿಂದ ನಾಯಿಯ ಬೆನ್ನು, ಪಕ್ಕೆ, ಹಿಂದೊಡೆಗಳನ್ನು ಸವರಿದ. ಮತ್ತೊಮ್ಮೆ ಸವರಿದ.

"ಅಕ್ಕಾ, ಬಾ ಇಲ್ಲಿ. ಇಷ್ಟೊಂದು ಗಾಯ ಆಗಿದೆ, ಎಲ್ಲಾ ಮುಂದೇನೇ. ಹಿಂದೆ ಒಂದೂ ಇಲ್ಲ."

ಅಕ್ಕ ಬಂದು ಮುಟ್ಟಿ ನೋಡಿದಳು. ಗಾಯ ಕಟ್ಟಿ ಕೈ ಪಳಗಿದವಳು ಒಳಗೆ ಹೋಗಿ ತಾನು ಕುಡಿಯಲೆಂದು ಕಾಯಿಸಿಟ್ಟಿದ್ದ ಹಾಲನ್ನು ತಂದು ಅದರ ಮುಂದಿಟ್ಟಳು. ಅಂದಿನಿಂದ ತಮ್ಮ ಅಂಗಡಿಯಲ್ಲಿ ಆ ನಾಯಿಯ ವಿಷಯಕ್ಕೆ ನಗುವುದನ್ನು ಬಿಟ್ಟ. ನಕ್ಕ ಗಿರಾಕಿಯ ತಲೆಯನ್ನು ಮೆಲ್ಲಗೆ ಬಗ್ಗಿಸಿ, ಕತ್ತಿನ ಹಿಂಭಾಗಕ್ಕೆ ಬ್ಲೇಡು ಇಡುತ್ತಿದ್ದ. ನಗು ತಾನಾಗಿಯೇ ನಿಲ್ಲುತ್ತಿತ್ತು.

ಆಡುಗಳು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಅವಕ್ಕೆ ನಾಯಿ ಎಂದರೆ ಸಾವು. ಗುಂಪಿನ ಹಿರಿಯಳಿಗೆ ಅಕ್ಕ ಇಟ್ಟ ಹೆಸರು ಅತ್ತೆಮ್ಮ. ಅವಳು ಮೊದಲ ದಿನವೇ ಓಡಿಬಂದು ಮೇಷ್ಟ್ರ ಪಕ್ಕೆಗೆ ಗುದ್ದಿದಳು. ಅದು ಮುಖ ಪಕ್ಕಕ್ಕೆ ತಿರುಗಿಸಿ, ಅಷ್ಟು ದೊಡ್ಡ ದೇಹವನ್ನು ಹೇಗೋ ಸಣ್ಣದು ಮಾಡಿಕೊಂಡು ಮಲಗಿಬಿಟ್ಟಿತು. ದಿನಾ ಗುದ್ದು, ದಿನಾ ಅದೇ ವಿನಯ. ಒಂದು ಬೆಳಿಗ್ಗೆ ಅಕ್ಕ ಕೊಟ್ಟಿಗೆಯ ಬಾಗಿಲು ತೆಗೆದರೆ, ಅತ್ತೆಮ್ಮ ಮೇಷ್ಟ್ರ ಬೆನ್ನಿಗೆ ಗದ್ದವಿಟ್ಟು ಮೆಲುಕು ಹಾಕುತ್ತಿದ್ದಳು.

ಚಳಿ ಶುರುವಾಗುವ ಹೊತ್ತಿಗೆ ಅಕ್ಕ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡು ಮೂಲೆ ಹಿಡಿದಳು. ರಜೆಯ ದಿನ ಆಡುಗಳನ್ನು ಗುಡ್ಡಕ್ಕೆ ಹೊಡೆಯುವ ಪಾಳಿ ತಮ್ಮನಿಗೆ ಬಂತು.

"ಬಿಳಿಗಿವಿ ಆಡಿನ ಮೇಲೊಂದು ಕಣ್ಣಿರಲಿ, ಅದಕ್ಕೆ ದಿನ ತುಂಬ್ತಾ ಇದೆ," ಎಂದಳು ಅಕ್ಕ ಹಾಸಿಗೆಯಿಂದಲೇ. "ಮೇಷ್ಟ್ರಿಗೆ ಏನೂ ಹೇಳೋಕೆ ಹೋಗ್ಬೇಡ. ಅವರು ಹೇಳಿದ್ದನ್ನ ನೀನು ಕೇಳು."

ಮಧ್ಯಾಹ್ನದವರೆಗೆ ಎಲ್ಲವೂ ಸರಿಯಾಗಿಯೇ ಇತ್ತು. ಆಮೇಲೆ ಗುಡ್ಡದ ನೆತ್ತಿಯಿಂದ ಮಂಜು ಇಳಿಯಿತು. ಮೊದಲು ಮೇಲಿನ ಬಂಡೆಗಳು ಹೋದವು, ಆಮೇಲೆ ಮುಳ್ಳುಪೊದೆಗಳು, ಆಮೇಲೆ ಕೆಳಗಿನ ಊರು. ಕ್ಷೌರಿಕ ಆಡುಗಳನ್ನು ಒಟ್ಟುಮಾಡಿ ಇಳಿಸಲು ನೋಡಿದ. ಮೇಷ್ಟ್ರು ಕದಲಲಿಲ್ಲ. ಬಂಡೆಯೊಂದರ ಪಕ್ಕ ಮಲಗಿದ್ದದ್ದು ಮಲಗಿಯೇ ಇತ್ತು.

"ಏಳಪ್ಪಾ ಮಹಾರಾಯ, ಹೊತ್ತಾಯ್ತು," ಎಂದ. ಅದು ಅವನತ್ತ ನೋಡಲೂ ಇಲ್ಲ.

ಬಿಳಿಗಿವಿ ಕಾಣುತ್ತಿಲ್ಲ ಎಂಬುದು ಅವನ ಗಮನಕ್ಕೆ ಬಂದದ್ದು ಆಗಲೇ. ಅವಳನ್ನು ಕೂಗಲು ಬಾಯಿ ತೆರೆದಾಗ, ಮಂಜಿನೊಳಗೆ ಯಾರೋ ಓಡಾಡಿದಂತೆ ಸದ್ದಾಯಿತು. ಒಂದು ಬದಿಯಲ್ಲಿ, ಆಮೇಲೆ ಇನ್ನೊಂದು ಬದಿಯಲ್ಲಿ. ಬೀಡಾಡಿ ನಾಯಿಗಳು ಬೊಗಳದೆ ಬಂದಿದ್ದವು.

ಮೇಷ್ಟ್ರು ಎದ್ದಿತು. ಈ ಸಲ ಕಂತಿನಲ್ಲಲ್ಲ. ಮಲಗಿದ್ದ ನಾಯಿ ಇದ್ದಲ್ಲಿ ನಿಂತ ನಾಯಿಯಿತ್ತು, ನಡುವೆ ಏನಾಯಿತೆಂದು ಕ್ಷೌರಿಕನಿಗೆ ಕಾಣಲೇ ಇಲ್ಲ. ಕತ್ತಿನ ಕೂದಲು ನಿಗುರಿ, ಅದು ತನ್ನ ಎರಡರಷ್ಟಾಗಿತ್ತು. ಮುಂದಾಳು ನಾಯಿ ಮಂಜಿನಿಂದ ಹೊರಬಂದು ಹಲ್ಲು ಕಿಸಿಯಿತು. ಮೇಷ್ಟ್ರು ಅದರ ಮೇಲೆ ಬೀಳಲಿಲ್ಲ. ಅದಕ್ಕೂ ಆಡುಗಳಿಗೂ ನಡುವೆ ಹೋಗಿ ಸುಮ್ಮನೆ ನಿಂತಿತು. ಇನ್ನೊಂದು ನಾಯಿ ಸುತ್ತಿ ಬಂದರೆ, ಅಲ್ಲಿಗೂ ಅಷ್ಟೇ ನಿಧಾನವಾಗಿ ನಡೆದು ಅಲ್ಲೂ ನಿಂತಿತು. ಆಮೇಲೆ ಒಮ್ಮೆ ಬೊಗಳಿತು. ಆ ದನಿ ಕ್ಷೌರಿಕನ ಅಂಗಾಲಿನಿಂದ ಮೇಲಕ್ಕೆ ಹತ್ತಿ ಬಂತು, ನೆಲವೇ ಬೊಗಳಿದ ಹಾಗೆ. ಅತ್ತೆಮ್ಮನೂ ಉಳಿದ ಆಡುಗಳೂ ಬಂದು ಅವನ ಕಾಲಿಗೆ ಒತ್ತಿ ನಿಂತವು.

ಮೇಷ್ಟ್ರು ಸುತ್ತು ಹಾಕತೊಡಗಿತು. ಬಂಡೆಯ ಹಿಂದಿನಿಂದ, ಪೊದೆಯ ಅಂಚಿನಿಂದ, ಮತ್ತೆ ಬಂಡೆಗೆ. ಎರಡನೆಯ ಸುತ್ತಿನಲ್ಲಿ ಅದು ತನ್ನ ಬೆನ್ನ ಹಿಂದಿನಿಂದಲೂ ಹಾದುಹೋದದ್ದನ್ನು ಕ್ಷೌರಿಕ ಕಂಡ. ಆ ಸುತ್ತಿನೊಳಗೆ ಆಡುಗಳು ಮಾತ್ರವಲ್ಲ, ತಾನೂ ಇದ್ದೇನೆ. ಕೈಯಲ್ಲಿದ್ದ ಕೋಲು ಮಕ್ಕಳ ಆಟಿಕೆಯಂತೆ ಅನ್ನಿಸಿತು. ಐವತ್ತು ದಾಟಿದ ಗಂಡಸು, ಯಾರೋ ತನ್ನನ್ನು ಕಾಯುತ್ತಿದ್ದಾರೆ ಎಂಬ ಭಾವ ಎಂದೋ ಮರೆತುಹೋಗಿದ್ದವನು, ಆಡುಗಳ ನಡುವೆ ಆಡಿನಂತೆ ನಿಂತ.

ಮುಂದಾಳು ನಾಯಿ ಬಹಳ ಹೊತ್ತು ಅಳೆಯಿತು. ಪೊರೆಗಣ್ಣು, ಕುಂಟುಕಾಲು ಅದಕ್ಕೂ ಕಂಡಿರಬೇಕು. ಒಮ್ಮೆ ಮುನ್ನುಗ್ಗಿತು. ಮೇಷ್ಟ್ರು ಹೆಜ್ಜೆ ಹಿಂದಿಡಲಿಲ್ಲ. ಬದಲಿಗೆ ಒಂದು ಹೆಜ್ಜೆ ಮುಂದಿಟ್ಟಿತು, ಬಾಗಿಲು ಮುಚ್ಚುವವರ ನೆಮ್ಮದಿಯಲ್ಲಿ. ಅಷ್ಟೇ. ಆ ನಾಯಿ ಬದಿಗೆ ತಿರುಗಿ ನೆಲ ಮೂಸಿತು, ಬೇರೇನೋ ಕೆಲಸಕ್ಕೆ ಬಂದಿದ್ದ ಹಾಗೆ. ಆಮೇಲೆ ನಾಯಿಗಳೆಲ್ಲ ಮಂಜಿನಲ್ಲಿ ಒಂದೊಂದಾಗಿ ಕರಗಿಹೋದವು.

ಕಾಲಿಗೆ ಒತ್ತಿ ನಿಂತ ಆಡುಗಳನ್ನು ಅವನು ಸರಿಸುವಷ್ಟರಲ್ಲಿ ಮೇಷ್ಟ್ರು ಬಂಡೆಯ ಹಿಂದೆ ಹೋಗಿತ್ತು. ಹಿಂಬಾಲಿಸಿದ. ಅಲ್ಲಿ, ಎರಡು ಕಲ್ಲುಗಳ ಸಂದಿಯ ಒಣಹುಲ್ಲಿನ ಮೇಲೆ ಬಿಳಿಗಿವಿ ಮಲಗಿದ್ದಳು. ಅವಳ ಮೂತಿಯ ಹತ್ತಿರ ಆಗತಾನೇ ಹುಟ್ಟಿದ ಮರಿಯೊಂದು ತಲೆ ಅಲ್ಲಾಡಿಸುತ್ತಿತ್ತು. ಮೇಷ್ಟ್ರು ಮಧ್ಯಾಹ್ನದಿಂದ ಎಲ್ಲಿ ಮಲಗಿತ್ತು, ಏಕೆ ಕದಲಲಿಲ್ಲ ಎಂಬುದು ಅವನಿಗೆ ಈಗ ಹೊಳೆಯಿತು.

ಎರಡನೆಯ ಮರಿ ಅವನ ಕಣ್ಣೆದುರೇ ಜಾರಿ ಬಂತು. ಅದು ಅಲ್ಲಾಡಲಿಲ್ಲ. ಬಿಳಿಗಿವಿ ಮೊದಲ ಮರಿಯನ್ನು ನೆಕ್ಕುವುದರಲ್ಲೇ ಮುಳುಗಿದ್ದಳು. ಕ್ಷೌರಿಕ ಒಂದು ಹೆಜ್ಜೆ ಮುಂದಿಟ್ಟ. ಮೇಷ್ಟ್ರು ಅವನತ್ತ ನೋಡಿ ಗಂಟಲೊಳಗೇ ಗುರುಗುಟ್ಟಿತು. ಸಿಟ್ಟಿಲ್ಲದ, ಸ್ಪಷ್ಟವಾದ ಒಂದು ಮಾತು. ಅವನು ಇದ್ದಲ್ಲೇ ಒದ್ದೆ ಹುಲ್ಲಿನ ಮೇಲೆ ಕುಳಿತ.

ಎಷ್ಟೋ ಕತ್ತುಗಳಿಗೆ ಹಲ್ಲು ಇಳಿಸಿರಬಹುದಾದ ಆ ಬಾಯಿ ಮರಿಯ ಮೇಲೆ ಬಾಗಿತು. ಮೂಗಿನ ಲೋಳೆಯನ್ನು ನೆಕ್ಕಿತು, ಬಾಯಿಯದನ್ನು ನೆಕ್ಕಿತು. ಎದೆಯನ್ನು ನಾಲಿಗೆಯಿಂದ ಒರಟಾಗಿ, ಬಿಡದೆ ಉಜ್ಜಿತು. ತಾಯಿ ತಡೆಯಲಿಲ್ಲ. ಮಂಜಿನ ಹನಿ ಎಲೆಯಿಂದ ಜಾರುವುದು ಕೇಳಿಸುವಷ್ಟು ನಿಶ್ಶಬ್ದ. ತನ್ನ ಉಸಿರೂ ನಿಂತಿದೆ ಎಂದು ಅವನಿಗೆ ತಿಳಿದದ್ದು, ಮರಿ ಸೀನಿದಾಗ. ಸೀನಿ, ನಡುಗಿ, ಮೇ ಎಂದಿತು, ಕಾಗದ ಹರಿದಷ್ಟೇ ಸಣ್ಣ ದನಿಯಲ್ಲಿ.

ಮೇಷ್ಟ್ರು ಅದನ್ನು ಮೂಗಿನಿಂದ ತಾಯಿಯ ಕೆಚ್ಚಲಿನತ್ತ ತಳ್ಳಿತು. ಆಮೇಲೆ ಅವರಿಗೆ ಬೆನ್ನು ಮಾಡಿ, ಮುಖವನ್ನು ಮಂಜಿನ ಕಡೆ ಇಟ್ಟು, ಕಂತು ಕಂತಾಗಿ ಮಲಗಿತು. ಕ್ಷೌರಿಕ ಕಣ್ಣೊರೆಸಿಕೊಳ್ಳಲಿಲ್ಲ. ನೋಡುವವರು ಯಾರೂ ಇರಲಿಲ್ಲ, ಇದ್ದಿದ್ದರೂ ಒರೆಸಿಕೊಳ್ಳುತ್ತಿರಲಿಲ್ಲ.

ಮಂಜು ತಿಳಿಯಾಗಿ, ಬಿಳಿಗಿವಿ ಎದ್ದು ನಿಂತ ಮೇಲೆ ಮೇಷ್ಟ್ರೂ ಎದ್ದಿತು. ಈ ಸಲ ಅವನು ಹತ್ತಿರ ಬಂದಾಗ ಗುರುಗುಟ್ಟಲಿಲ್ಲ. ಎರಡೂ ಮರಿಗಳನ್ನು ಅಂಗಿಯೊಳಗೆ ಎದೆಗೆ ಒತ್ತಿಕೊಂಡು ಅವನು ಇಳಿದ. ಆಡುಗಳು ಹಿಂದೆ, ಎಲ್ಲರ ಹಿಂದೆ ಮೇಷ್ಟ್ರು.

ಅಕ್ಕ ಉಳುಕಿದ ಕಾಲನ್ನೂ ಲೆಕ್ಕಿಸದೆ ಬಾಗಿಲಲ್ಲಿ ನಿಂತಿದ್ದಳು. "ಏನಾಯ್ತೋ? ಮುಖ ಯಾಕೆ ಹಿಂಗಿದೆ?"

ದಿನವಿಡೀ ಮಾತಿನಿಂದಲೇ ಗಿರಾಕಿಗಳನ್ನು ಕೂರಿಸಿಕೊಳ್ಳುವ ತಮ್ಮ, ಅಂಗಿಯ ಗುಂಡಿ ಬಿಚ್ಚಿ ಮರಿಗಳನ್ನು ಅವಳ ಕೈಗಿಟ್ಟ. "ಹೇಳ್ತೀನಿ, ಕೂತ್ಕೋ," ಎಂದ. "ಮೇಷ್ಟ್ರು ಹಸಿದಿದಾರೆ, ಮೊದ್ಲು ಅವರಿಗೆ ಊಟಕ್ಕೆ ಕೊಡ್ತೀನಿ."